ಕೆರೆಯ ಮೇಲೆ ಎರಡು ಸುತ್ತು

ಸ್ವಲ್ಪ ತಡೆಯಿರಿ. ಅದು ಹೋಗಲಿ. ಅದು ತಲೆಯ ಮೇಲೆ ಹಾಯುವಾಗ ಮೈಕಿನಲ್ಲಿ ಎಷ್ಟು ಕಿರುಚಿದರೂ ಹಿಂದಿನ ಸಾಲಿನವರಿಗೆ ಕೇಳಿಸುವುದಿಲ್ಲ.

ಹೋಯಿತು. ನೋಡಿದಿರಾ, ಎಷ್ಟು ತಗ್ಗಿನಲ್ಲಿ ಹೋಯಿತು ವಿಮಾನ? ನೋಡಿದಿರಲ್ಲ? ಸರಿ. ಎಲ್ಲರೂ ತಲೆಯಾಡಿಸಿದಿರಿ. ಅದನ್ನು ನೆನಪಿಟ್ಟುಕೊಂಡಿರಿ, ಆಮೇಲೆ ಕೇಳುತ್ತೇನೆ.

ಸುಳ್ಳಿನ ವಿಷಯ ಹೇಳುತ್ತಿದ್ದೆ. ದೊಡ್ಡ ದೊಡ್ಡ ಸುಳ್ಳುಗಳ ಬಗ್ಗೆ ಹೇಳಿ ಹೇಳಿ ಸಾಕಾಗಿದೆ. ನೀವೂ ಕೇಳಿ ಕೇಳಿ ದಣಿದಿದ್ದೀರಿ. ಕೊಲೆ ಮಾಡಿ ಮಾಡಲಿಲ್ಲ ಅನ್ನುವವನ ಕಥೆ ಹೇಳಿದರೆ, ಇದು ನಮ್ಮ ಸುದ್ದಿಯಲ್ಲ ಎಂದು ನೆಮ್ಮದಿಯಾಗಿ ಕೂತು ಕೇಳುತ್ತೀರಿ. ಇವತ್ತು ಬೇಡ. ಇವತ್ತು ತೀರಾ ಚಿಕ್ಕದೊಂದು ಸುಳ್ಳು ತೆಗೆದುಕೊಳ್ಳೋಣ. ಒಂದೇ ಮಾತಿನದು. ನಿಮ್ಮ ನಾಲಿಗೆಯ ಮೇಲೆ ಈಗಲೂ ಇರುವಂಥದು.

ಒಂದು ಊರು. ಊರು ಎಂದ ಮೇಲೆ ಅಲ್ಲೊಬ್ಬ ಶ್ರೀಮಂತ ಇರಲೇಬೇಕಲ್ಲ, ಇದ್ದ. ಕಲ್ಲು ಕ್ವಾರಿಗಳ ಒಡೆಯ. ಮನೆ ಊರಿನ ಪಡುವಣ ಅಂಚಿನಲ್ಲಿ, ಕ್ವಾರಿಗಳು ಮೂಡಣದ ಬೆಟ್ಟಗಳಲ್ಲಿ. ನಡುವೆ ಊರೆಂಬ ಊರೇ ಅಡ್ಡ ಬಿದ್ದಿತ್ತು. ಕಾರಿನಲ್ಲಿ ಹೊರಟರೆ ಸಿಗ್ನಲ್ಲುಗಳಲ್ಲೇ ಬೆಳಗು ಮುಗಿಯುತ್ತಿತ್ತು. ಶ್ರೀಮಂತನಿಗೆ ಕಾಯುವುದೆಂದರೆ ಆಗದು. ಒಂದು ಸಣ್ಣ ವಿಮಾನ ಕೊಂಡ. ಮೂತಿಯಲ್ಲಿ ತಿರುಗುವ ಒಂದೇ ಫ್ಯಾನು, ಒಳಗೆ ನಾಲ್ಕು ಜನಕ್ಕೆ ಜಾಗ. ಅದನ್ನು ಹಾರಿಸಲು ಒಬ್ಬ ಪೈಲಟ್ಟನ್ನು ಇಟ್ಟುಕೊಂಡ.

ಈಗ ನೀವೆಲ್ಲ ಶ್ರೀಮಂತನನ್ನು ಬೈಯಲು ಸಿದ್ಧವಾಗಿ ಕೂತಿದ್ದೀರಿ. ಮುಖ ನೋಡಿದರೆ ಗೊತ್ತಾಗುತ್ತದೆ. ಬೇಡ, ಕೈ ಕೆಳಗಿಳಿಸಿ. ಈ ಕಥೆ ಅವನದಲ್ಲ. ಈ ಕಥೆ ಆ ಪೈಲಟ್ಟನದು.

ಪೈಲಟ್ಟು ಕೆಟ್ಟವನಲ್ಲ. ಕುಡಿಯುವವನಲ್ಲ. ವಯಸ್ಸು ಐವತ್ತು ದಾಟಿತ್ತು. ದೊಡ್ಡ ಕಂಪನಿಗಳು ಅವನನ್ನು ತೆಗೆದುಕೊಳ್ಳುವ ಕಾಲ ಮುಗಿದಿತ್ತು. ಮನೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಈ ಕೆಲಸ ಹೋದರೆ ಇನ್ನೊಂದು ಕೆಲಸ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂಬುದು ಶ್ರೀಮಂತನಿಗೂ ಗೊತ್ತಿತ್ತು. ದಣಿದ ಮನುಷ್ಯ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು.

ಇನ್ನು ಆಕಾಶದ ಸಂಗತಿ ಕೇಳಿ. ಆಕಾಶ ಖಾಲಿ ಅಂದುಕೊಂಡಿದ್ದೀರಿ. ಖಾಲಿ ಇಲ್ಲ. ಶ್ರೀಮಂತನ ಸಣ್ಣ ವಿಮಾನ ಏಳುವ ಮೈದಾನಕ್ಕೂ ಅವನ ಬೆಟ್ಟಗಳಿಗೂ ನಡುವೆ ಊರಿನ ದೊಡ್ಡ ವಿಮಾನ ನಿಲ್ದಾಣ. ನೂರಾರು ಜನರನ್ನು ಹೊತ್ತ ದೊಡ್ಡ ವಿಮಾನಗಳು ಒಂದರ ಹಿಂದೊಂದು ಬಂದು ಇಳಿಯುವ ದಾರಿ ಅಲ್ಲಿದೆ. ಸಣ್ಣದು ಆ ದಾರಿಯನ್ನು ಅಡ್ಡ ದಾಟಬೇಕು. ದಾಟಿಸುವವರು ಯಾರು? ಟವರಿನಲ್ಲಿ ಕೂತವರು. ಪೈಲಟ್ಟನ ಪಾಲಿಗೆ ಅದು ಕಿವಿಯಲ್ಲಿ ಕೇಳುವ ಒಂದು ದನಿ ಅಷ್ಟೇ. ಹೆಂಗಸಿನ ದನಿ. ಮುಖ ಕಂಡಿರಲಿಲ್ಲ, ಹೆಸರು ಗೊತ್ತಿರಲಿಲ್ಲ. ದಿನಾ ಬೆಳಗ್ಗೆ ಆ ದನಿ ಕೇಳುತ್ತಿತ್ತು. ಅವರು ಇಂಗ್ಲಿಷಿನಲ್ಲಿ ಆಡುವ ಮಾತು, ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ:

“ನಿಮ್ಮ ಎಡಕ್ಕೆ ದೊಡ್ಡ ವಿಮಾನ ಇಳಿಯುತ್ತಿದೆ. ಕಂಡಿತೇ?”

ಇದಕ್ಕೆ ಎರಡೇ ಉತ್ತರ. ‘ಕಂಡಿತು’ ಎಂದರೆ ಆ ದನಿ ಹೇಳುತ್ತದೆ: “ಸರಿ, ಅದು ಮುಂದೆ ಹೋಗಲಿ, ನೀವು ಅದರ ಹಿಂದಿನಿಂದ ದಾಟಿ. ನೋಡಿಕೊಂಡು ಹೋಗುವುದು ನಿಮ್ಮ ಹೊಣೆ.” ಆ ಕ್ಷಣದಿಂದ ಟವರಿನ ಕಣ್ಣು ಬೇರೆ ಕಡೆ ತಿರುಗುತ್ತದೆ. ‘ಕಾಣಲಿಲ್ಲ’ ಎಂದರೆ ಅದೇ ದನಿ, ಅದೇ ತಾಳ್ಮೆಯಲ್ಲಿ: “ಕೆರೆಯ ಮೇಲೆ ಸುತ್ತುತ್ತಾ ಇರಿ. ನಾನು ಹೇಳುತ್ತೇನೆ.” ಊರಿನ ಅಂಚಿಗೊಂದು ಕೆರೆ, ನೊರೆ ತುಂಬಿದ ಕೆರೆ. ಅದರ ಮೇಲೆ ಒಂದು ಸುತ್ತು, ಎರಡು ಸುತ್ತು. ಅಷ್ಟರಲ್ಲಿ ದಾರಿ ತೆರವಾಗುತ್ತದೆ. ಬೈಗುಳವಿಲ್ಲ, ದಂಡವಿಲ್ಲ. ಕಾಣದವನಿಗೆ ಆ ದನಿ ಕೊಡುವ ಶಿಕ್ಷೆ ಎಂದರೆ ಎರಡು ಸುತ್ತು ಕೆರೆ. ಅಷ್ಟೇ.

ಪೈಲಟ್ಟು ಮೊದಮೊದಲು ಕಂಡರೆ ಕಂಡಿತು ಅನ್ನುತ್ತಿದ್ದ, ಕಾಣದಿದ್ದರೆ ಕಾಣಲಿಲ್ಲ ಅನ್ನುತ್ತಿದ್ದ. ಹಿಂದಿನ ಸೀಟಿನಿಂದ ಶ್ರೀಮಂತ ಕೇಳುತ್ತಿದ್ದ. ಅವನ ಕಿವಿಗೂ ಒಂದು ಹೆಡ್‌ಫೋನ್ ಇತ್ತಲ್ಲ.

“ಮತ್ತೆ ಕೆರೆನಾ? ಅಲ್ಲ ಕಣಯ್ಯಾ, ಈ ಕೆರೆಗೆ ಹರಕೆ ಹೊತ್ತಿದೀಯೇನು? ದಿನಾ ಪ್ರದಕ್ಷಿಣೆ ಹಾಕ್ತೀಯಲ್ಲ!”

“ವಿಮಾನ ಕಾಣಲಿಲ್ಲ ಸಾರ್. ಮಂಜಿದೆ.”

“ಮಂಜು! ಅಷ್ಟು ದೊಡ್ಡ ವಿಮಾನ ಕಾಣಲ್ಲ, ಒಂದನೇ ತಾರೀಕು ಮಾತ್ರ ದೂರದಿಂದಲೇ ಕಾಣುತ್ತೆ ನಿಂಗೆ. ಕಣ್ಣಿನ ಡಾಕ್ಟ್ರ ಹತ್ರ ತೋರಿಸ್ಕೋ. ಇಲ್ಲಾಂದ್ರೆ ಹೇಳು, ಕಣ್ಣಿರೋರನ್ನ ಹುಡುಕ್ತೀನಿ.”

ನಗುತ್ತಲೇ ಹೇಳಿದ್ದು. ಆದರೂ ಆ ಮಾತು ಪೈಲಟ್ಟನ ಎದೆಯಲ್ಲಿ ನೆಟ್ಟು ನಿಂತಿತು. ಕಣ್ಣು ಮಂಕಾಗುತ್ತಿದೆಯೋ ಏನೋ ಎಂಬ ಹೆದರಿಕೆ ಅವನೊಳಗೇ ಇತ್ತು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದಿದ್ದರು. ಆದರೂ ಹೆದರಿಕೆ ಡಾಕ್ಟರ ಮಾತು ಕೇಳುತ್ತದೆಯೇ?

ಇನ್ನೊಂದು ಬೆಳಗ್ಗೆ ಆ ದನಿ ಕೇಳಿತು, “ಕಂಡಿತೇ?” ಪೈಲಟ್ಟು ಎಡಕ್ಕೆ ನೋಡಿದ. ಬರೀ ಬಿಳುಪು. ಹಿಂದಿನ ಸೀಟಿನಲ್ಲಿ ಶ್ರೀಮಂತ ಗಂಟಲು ಸರಿಮಾಡಿಕೊಂಡ. ಅಷ್ಟೇ.

“ಕಂಡಿತು,” ಎಂದ ಪೈಲಟ್ಟು.

ಏನಾಯಿತು? ಏನೂ ಆಗಲಿಲ್ಲ. ದಾಟಿದರು, ಬೆಟ್ಟ ತಲುಪಿದರು. ನೋಡಿ, ಇಂಥ ಸುಳ್ಳಿನ ಗುಣವೇ ಇದು. ಮೊದಲ ಸಲ ಏನೂ ಆಗುವುದಿಲ್ಲ. ಮೊದಲ ಸಲವೇ ಸಿಡಿಲು ಹೊಡೆದಿದ್ದರೆ ಈ ಲೋಕದಲ್ಲಿ ಒಬ್ಬ ಸುಳ್ಳುಗಾರನೂ ಇರುತ್ತಿರಲಿಲ್ಲ. ಮರುದಿನವೂ ಕಂಡಿತು ಎಂದ. ಅದರ ಮರುದಿನವೂ. ಆಮೇಲೆ ಎಡಕ್ಕೆ ತಿರುಗಿ ನೋಡುವುದನ್ನೂ ಬಿಟ್ಟ. ಯಾಕೆ ನೋಡಬೇಕು? ಉತ್ತರ ಮೊದಲೇ ಸಿದ್ಧವಿದೆಯಲ್ಲ! ‘ಕಂಡಿತೇ’ ಎಂದು ಆ ದನಿ ಮುಗಿಸುವ ಮೊದಲೇ ಇವನ ಬಾಯಿ ‘ಕಂಡಿತು’ ಅನ್ನುತ್ತಿತ್ತು. ಶ್ರೀಮಂತ ಹಿಂದಿನಿಂದ ಬೆನ್ನು ತಟ್ಟಿದ. “ಈಗ ನೋಡು, ಕಣ್ಣು ಬಂತು ನಿಂಗೆ.”

ಕೊನೆಗೊಂದು ಬೆಳಗ್ಗೆ, ಅವತ್ತೂ ಮಂಜಿತ್ತು. ಸೂರ್ಯ ನೇರ ಎದುರಿಗೆ. ಮುಂದಿನ ಗಾಜೆಲ್ಲ ಬೆಳಕು ಬಳಿದಂತೆ. ಆ ದನಿ ಕೇಳಿತು, ಇವನು ಕಂಡಿತು ಎಂದ, ಅದು ಸರಿ ಎಂದು ಬೇರೆಯವರ ಕಡೆ ತಿರುಗಿತು. ಗಾಜಿನ ಎಡ ಮೂಲೆಯಲ್ಲಿ ಒಂದು ಚುಕ್ಕಿ ಇತ್ತು. ಹುಳ ಬಡಿದು ಸತ್ತ ಕಲೆ ಇರಬೇಕು ಎಂದುಕೊಂಡ. ಕಲೆಯಂತೆಯೇ ಇತ್ತು, ಇದ್ದಲ್ಲೇ ಇತ್ತು.

ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಆಕಾಶದಲ್ಲಿ ನಿಮ್ಮನ್ನು ತಪ್ಪಿಸಿಕೊಂಡು ಹೋಗುವ ವಿಮಾನ ನಿಮ್ಮ ಗಾಜಿನ ಮೇಲೆ ಸರಿಯುತ್ತಾ ಹೋಗುತ್ತದೆ. ನಿಮಗೇ ಬಂದು ಬಡಿಯುವ ವಿಮಾನವಿದೆಯಲ್ಲ, ಅದು ಸರಿಯುವುದಿಲ್ಲ. ಗಾಜಿನಲ್ಲಿ ಒಂದೇ ಕಡೆ ನಿಂತಿರುತ್ತದೆ. ಸದ್ದಿಲ್ಲ, ಚಲನೆಯಿಲ್ಲ. ಸುಮ್ಮನೆ ದೊಡ್ಡದಾಗುತ್ತಾ ಹೋಗುತ್ತದೆ. ಚಲಿಸುವುದರ ಮೇಲೆ ಕಣ್ಣು ತಾನಾಗಿ ಬೀಳುತ್ತದೆ. ನಿಂತಿದ್ದನ್ನು ಹುಡುಕಿ ನೋಡಬೇಕು. ಹುಡುಕಿ ನೋಡುವ ಅಭ್ಯಾಸವನ್ನೇ ಇವನು ಬಿಟ್ಟಿದ್ದ.

ಹುಳದ ಕಲೆಗೆ ರೆಕ್ಕೆ ಮೂಡಿತು.

ಅಷ್ಟೇ ಅವನಿಗೆ ಗೊತ್ತು. ಕೈ ತಾನಾಗಿ ಮೂತಿಯನ್ನು ಕೆಳಕ್ಕೆ ಒತ್ತಿತು. ನೆತ್ತಿಯ ಮೇಲೆ ಒಂದು ಬಿಳಿಯ ಹೊಟ್ಟೆ ಹಾಯಿತು. ಇಳಿಯಲೆಂದು ಚಾಚಿದ್ದ ಅದರ ಚಕ್ರಗಳು, ಟೈರಿನ ಗೆರೆಗಳು ಸಹಿತ ಕಂಡವು. ಅದರ ಗಾಳಿಗೆ ಸಣ್ಣ ವಿಮಾನ ಮೊರದಲ್ಲಿನ ಕಾಳಿನಂತೆ ಎಗರಾಡಿತು. ದೊಡ್ಡದರಲ್ಲಿ ಎಚ್ಚರಿಸುವ ಯಂತ್ರವೊಂದು ಏರು, ಏರು ಎಂದು ಕೂಗಿತ್ತಂತೆ, ಅದರ ಪೈಲಟ್ಟು ಸರಕ್ಕನೆ ಮೇಲೆತ್ತಿದ್ದ. ಒಳಗೆ ಕೊನೆಯ ಸಾಲಿನವರ ಬೆಲ್ಟು ಸರಿಮಾಡುತ್ತಾ ನಿಂತಿದ್ದ ಗಗನಸಖಿ ಸೀಟಿನ ಅಂಚಿಗೆ ಬಡಿದು ಬಿದ್ದು ಭುಜ ಮುರಿದುಕೊಂಡಳು. ಯಾರೂ ಸಾಯಲಿಲ್ಲ. ಸಾಯಲಿಲ್ಲ ಎಂದು ಉಸಿರು ಬಿಟ್ಟಿರಿ, ಕೇಳಿಸಿತು. ಅಷ್ಟು ಬೇಗ ಬಿಡಬೇಡಿ.

ಹಿಂದಿನ ಸೀಟಿನಲ್ಲಿ ಶ್ರೀಮಂತ ತನ್ನ ಅಂಗಿಯ ಮೇಲೇ ವಾಂತಿ ಮಾಡಿಕೊಂಡಿದ್ದ. ಬಾಯಿ ಒರೆಸಿಕೊಂಡು ಕೇಳಿದ:

“ನೀನು ಕಂಡಿತು ಅಂದೆಯಲ್ಲಯ್ಯಾ?”

ಪೈಲಟ್ಟು ಮೂತಿಯನ್ನು ಬೆಟ್ಟಗಳ ಕಡೆ ತಿರುಗಿಸಿದ.

ವಿಚಾರಣೆ ಬಂತು. ಅದಕ್ಕೆ ಮೊದಲು ಶ್ರೀಮಂತನ ಮ್ಯಾನೇಜರು ಬಂದ. ಒಳ್ಳೆಯ ಮಾತುಗಾರ.

“ನೋಡಿ ಕ್ಯಾಪ್ಟನ್, ಆ ಹೊತ್ತಲ್ಲಿ ಅಲ್ಲಿ ಎರಡು ವಿಮಾನ ಇದ್ವು. ಒಂದು ಆಗಲೇ ಬಲಕ್ಕೆ ಹೋಗಿ ಇಳೀತಾ ಇತ್ತು. ನೀವು ಅದನ್ನ ನೋಡಿದ್ರಿ, ಅದೇ ಇರಬೇಕು ಅಂದ್ಕೊಂಡ್ರಿ. ಎರಡಿವೆ ಅಂತ ಟವರಿನ ಆಯಮ್ಮ ಬಿಡಿಸಿ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅಲ್ವಾ?”

“ನಾನು ಅದನ್ನೂ...”

“ಅಲ್ವಾ ಅಂದೆ. ಲೈಸೆನ್ಸೂ ಉಳಿಯುತ್ತೆ, ಕೆಲಸಾನೂ ಉಳಿಯುತ್ತೆ. ಒಂದು ಕಂಡಿತು ಅನ್ನೋಕೆ ಏನು ಕಷ್ಟ? ಅಲ್ಲಿ ಇತ್ತಲ್ಲ ಅದು!”

ಇತ್ತು. ಇದ್ದದ್ದು ನಿಜ. ಕಂಡದ್ದು ಮಾತ್ರ ಸುಳ್ಳು. ಪೈಲಟ್ಟು ಹೋಗಿ ಹಾಗೆಯೇ ಹೇಳಿ ಬಂದ. ‘ಒಂದು ಕಂಡಿತ್ತು ಸಾರ್, ಅದೇ ಅಂದುಕೊಂಡೆ.’ ಬಾಯಿಗೆ ಅಭ್ಯಾಸವಾಗಿದ್ದ ಮಾತು, ತೊಡರಲಿಲ್ಲ. ಪುನಃ ಹಾರಲು ಶುರುಮಾಡಿದ ದಿನ ಕಿವಿಯಲ್ಲಿ ಬೇರೆ ದನಿ ಇತ್ತು. ಗಂಡಸಿನ ಒರಟು ದನಿ. ಮರುದಿನವೂ ಅದೇ. ಮೈದಾನದ ಕ್ಯಾಂಟೀನಿನಲ್ಲಿ ಯಾರೋ ಅಂದರು, “ಆ ಮೇಡಂನ ಸೀಟಿಂದ ಎಬ್ಬಿಸಿದಾರಂತೆ. ಹಿಂದಿನ ರೂಮಲ್ಲಿ ಕೂರಿಸಿದಾರಂತೆ, ಮೈಕು ಮುಟ್ಟೋ ಹಾಗಿಲ್ಲವಂತೆ.” ಪೈಲಟ್ಟು ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಎದ್ದು ಎಲ್ಲಿಗೆ ಹೋದ? ಎಲ್ಲಿಗೂ ಇಲ್ಲ. ವಿಮಾನಕ್ಕೇ ಹೋದ. ನಾವೂ ಹಾಗೇ ಅಲ್ಲವೇ? ಎದೆಗೆ ಏನೋ ಚುಚ್ಚಿದರೆ ಎದ್ದು ನಿಲ್ಲುತ್ತೇವೆ, ಆಮೇಲೆ ದಿನದ ಕೆಲಸಕ್ಕೇ ಹೋಗುತ್ತೇವೆ.

ಒಂದು ಸಂಜೆ ಮನೆಯಲ್ಲಿ ಪೇಪರು ಹಿಡಿದು ಕೂತಿದ್ದ. ಮಗಳು ಹೊರಗಿನಿಂದ ಬಂದಳು. ಕಾಲೇಜಿನ ಸಮಾರಂಭಕ್ಕೆ ಸೀರೆ ಕೊಂಡು ತಂದಿದ್ದಳು.

“ಅಪ್ಪಾ, ನೋಡ್ದ್ಯಾ?”

“ನೋಡ್ದೆ ಕಣಮ್ಮಾ. ಚೆನ್ನಾಗಿದೆ. ಬಣ್ಣ ಚೆನ್ನಾಗಿ ಒಪ್ಪುತ್ತೆ ನಿಂಗೆ.”

ಮಗಳು ಸೊಂಟದ ಮೇಲೆ ಕೈಯಿಟ್ಟಳು. “ಇನ್ನೂ ಕವರಿಂದ ತೆಗೆದೇ ಇಲ್ಲ. ಏನು ನೋಡ್ದೆ ನೀನು?”

ಅಡಿಗೆಮನೆಯಿಂದ ಹೆಂಡತಿ ನಕ್ಕಳು. “ನಿಮ್ಮಪ್ಪಂದು ಆಕಾಶದಿಂದಲೇ ಎಲ್ಲ ನೋಡಿ ಮುಗಿದಿರುತ್ತೆ ಕಣೇ. ಮೊನ್ನೆ ಗ್ಯಾಸ್ ಆಫ್ ಆಗಿದೆಯಾ ನೋಡಿ ಅಂದ್ರೆ ಕೂತಲ್ಲೇ ನೋಡ್ದೆ ಅಂದ್ರು. ಹಾಲು ಉಕ್ಕಿ ಒಲೆಯೆಲ್ಲ ಪಾಯಸ!”

ಇಬ್ಬರೂ ನಕ್ಕರು. ಅವನು ನಗಲಿಲ್ಲ. ಪೇಪರು ಮಡಿಸಿಟ್ಟು ಮಗಳ ಕೈಯ ಕವರನ್ನು ನೋಡಿದ. ಸೀರೆ ಯಾವ ಬಣ್ಣದ್ದೋ ಅವನಿಗೆ ಗೊತ್ತಿರಲಿಲ್ಲ.

ವಿಚಾರಣೆಯ ಕಡೆಯ ದಿನ. ಹೇಳಿದ್ದಕ್ಕೆಲ್ಲ ಸಹಿ ಹಾಕಿ ಹೋಗಿ ಎಂದು ಕರೆ ಬಂದಿತ್ತು. ಕಚೇರಿಯ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕೂದಲು ಅರ್ಧ ನೆರೆತಿತ್ತು, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ. ಪೈಲಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಜವಾನ ಬಾಗಿಲಿನಿಂದ ತಲೆ ಹಾಕಿ ಹೇಳಿದ:

“ವನಮಾಲಾ ಮೇಡಂ, ಸಾಹೇಬ್ರು ಇನ್ನೂ ಸ್ವಲ್ಪ ಹೊತ್ತು ಅಂದ್ರು.”

“ಕಾಯ್ತೀನಿ ಬಿಡಪ್ಪ. ಊರನ್ನೆಲ್ಲ ಕಾಯಿಸ್ತಿದ್ದೋಳು ನಾನು. ಈಗ ನನ್ನ ಸರದಿ.”

ಆ ದನಿ! ಪೈಲಟ್ಟನ ಬೆನ್ನು ನೆಟ್ಟಗಾಯಿತು. ಈ ಕಥೆಯಲ್ಲಿ ಹೆಸರು ಇರುವುದು ಅವಳೊಬ್ಬಳಿಗೇ, ಗಮನಿಸಿ. ಅಷ್ಟು ದಿನ ಅವನಿಗೆ ಅವಳು ಬರೀ ದನಿ. ಈಗ ಹೆಸರು, ಮುಖ, ಊಟದ ಡಬ್ಬಿ.

“ನೀವೂ ವಿಚಾರಣೆಗೇನಾ?” ಎಂದು ಅವಳೇ ಮಾತಾಡಿಸಿದಳು.

“ಹೂಂ,” ಎಂದ. ಹೆಚ್ಚು ಮಾತಾಡಿದರೆ ಅವಳೂ ದನಿ ಹಿಡಿದಾಳು ಎಂಬ ಭಯ.

“ನಂದು ಇವತ್ತಿಗೆ ಮುಗಿಯುತ್ತೆ. ಮುಗಿದ್ರೆ ಸಾಕಾಗಿದೆ. ಆ ಪೈಲಟ್ಟು ಎರಡರಲ್ಲಿ ಒಂದನ್ನ ನೋಡಿದ್ರಂತೆ. ಇರಬಹುದು. ನಾನು ಎಡಕ್ಕೆ ಅಂತ ಹೇಳಿದ್ದು ಟೇಪಲ್ಲೇ ಇದೆ, ಅಷ್ಟು ಸಾಕು ಅಂದ್ಕೊಂಡಿದ್ದೆ. ಆದ್ರೆ ಇವರೆಲ್ಲ ಕೇಳಿ ಕೇಳಿ, ಈಗ ನಂಗೇ ಅನುಮಾನ. ನಾನೇ ಬಿಡಿಸಿ ಹೇಳಿದ್ರೆ ಆಗ್ತಿತ್ತೇನೋ. ಮಲಗಿದ್ರೂ ಅದೇ. ನಾನೇ ತಪ್ಪಿದೆನೇನೋ, ನಾನೇ ತಪ್ಪಿದೆನೇನೋ.” ಚೀಲದ ಹಿಡಿಯನ್ನು ಸುತ್ತಿದಳು, ಬಿಚ್ಚಿದಳು. “ಅವರು ಕಂಡಿತು ಅಂದ ಕೂಡಲೇ ನಾವು ಬೇರೆ ಕಡೆ ನೋಡ್ಲೇಬೇಕು ನೋಡಿ. ಇನ್ನೊಬ್ಬರು ಕಾಯ್ತಿರ್ತಾರೆ. ನಂಬದೆ ಹೇಗೆ ಕೆಲಸ ಮಾಡೋದು?”

ತಾಯಂದಿರೇ, ಅಣ್ಣಂದಿರೇ, ಆಗ ಯಾರೂ ಸಾಯಲಿಲ್ಲ ಎಂದು ಉಸಿರು ಬಿಟ್ಟಿರಲ್ಲ, ಇಲ್ಲಿ ನೋಡಿ. ಸರಿಯಾಗಿ ಕೆಲಸ ಮಾಡಿದ ಹೆಣ್ಣುಮಗಳೊಬ್ಬಳು ತಾನೇ ತಪ್ಪು ಮಾಡಿದೆನೇನೋ ಎಂದು ಬೆಂಚಿನ ಮೇಲೆ ಕೂತು ಸಾಯುತ್ತಿದ್ದಾಳೆ. ಸುಳ್ಳು ಹೇಳಿದವನು ಪಕ್ಕದಲ್ಲೇ ಹೂಂ ಎಂದು ಕೂತಿದ್ದಾನೆ. ನನಗೆ ಸಿಟ್ಟು ಬರುವುದು ಇಲ್ಲಿ!

ಜವಾನ ಮೊದಲು ಪೈಲಟ್ಟನ್ನು ಕರೆದ. ಒಳಗೆ ಅಧಿಕಾರಿ ಕಾಗದ ಮುಂದೆ ತಳ್ಳಿ, ಪೆನ್ನು ಕೊಟ್ಟು, ಗೋಡೆಯ ಗಡಿಯಾರ ನೋಡಿದ.

“ಸಾರ್, ಇದು ಹೀಗಲ್ಲ.”

“ಏನು ಹೀಗಲ್ಲ?”

“ನಂಗೆ ಒಂದೂ ಕಾಣಲಿಲ್ಲ. ಬಲಕ್ಕಿದ್ದದ್ದೂ ಇಲ್ಲ, ಎಡಕ್ಕಿದ್ದದ್ದೂ ಇಲ್ಲ. ನಾನು ನೋಡ್ಲೇ ಇಲ್ಲ ಸಾರ್. ಸುಮ್ನೆ ಕಂಡಿತು ಅಂದೆ.”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಖುಷಿಪಟ್ಟನೇ? ನಿಜ ಹೇಳಿದೆಯಪ್ಪಾ ಎಂದು ಅಪ್ಪಿಕೊಂಡನೇ? ಇಲ್ಲ. ಕಥೆಯಲ್ಲಿ ಹಾಗೆ ಆಗುತ್ತದೆ, ಕಚೇರಿಯಲ್ಲಿ ಆಗುವುದಿಲ್ಲ.

“ಎಲ್ಲ ಟೈಪ್ ಆಗಿ ಕೂತಿದೆ ಕಣ್ರೀ. ಈಗ ಮತ್ತೆ ಮೊದಲಿಂದ ಮಾಡ್ಬೇಕು. ಲೈಸೆನ್ಸ್ ಹೋಗುತ್ತೆ ನಿಮ್ದು, ಗೊತ್ತಾ?”

“ಗೊತ್ತು ಸಾರ್.”

“ಯಾರಾದ್ರೂ ಹೆದರಿಸಿದ್ರಾ?”

“ಇಲ್ಲ ಸಾರ್.”

“ಮತ್ತೆ ಈಗ ಯಾಕ್ರೀ?”

ಅವನು ಬಾಗಿಲಿನ ಕಡೆ, ಹೊರಗಿನ ಬೆಂಚಿನ ಕಡೆ ನೋಡಿದ. ಅಧಿಕಾರಿ ನಿಟ್ಟುಸಿರು ಬಿಟ್ಟು ಹೊಸ ಹಾಳೆ ಎಳೆದುಕೊಂಡ.

ಹೊರಗೆ ಬಂದು ಪೈಲಟ್ಟು ಅವಳ ಮುಂದೆ ನಿಂತ. “ಮೇಡಂ, ನೀವು ಸರಿಯಾಗಿಯೇ ಹೇಳಿದ್ರಿ. ಎಡಕ್ಕೆ ಅಂತಲೇ ಹೇಳಿದ್ರಿ. ನಂಗೆ ಕಾಣಲಿಲ್ಲ. ಒಳಗೆ ಹೇಳಿ ಬಂದೆ.”

ಅವಳು ತಲೆಯೆತ್ತಿ ಅವನನ್ನು ನೋಡಿದಳು. ದಿನಾ ಬೆಳಗ್ಗೆ ಕೇಳಿದ ದನಿಗೆ ಅವಳಿಗೂ ಒಂದು ಮುಖ ಸಿಕ್ಕಿತು. ಬೈಯುತ್ತಾಳೆ ಎಂದುಕೊಂಡ. ಹೊಡೆದರೂ ಹೊಡೆಸಿಕೊಳ್ಳಬೇಕು ಎಂದುಕೊಂಡ. ಅವಳಲ್ಲಿ ಅಷ್ಟು ಕಸುವೂ ಉಳಿದಿರಲಿಲ್ಲ.

“ಅವತ್ತೇ ಹೇಳಿದ್ರೆ,” ಎಂದಳು, “ಕೆರೆ ಮೇಲೆ ಎರಡು ಸುತ್ತು ಹಾಕಿಸ್ತಿದ್ದೆ. ಅಷ್ಟೇ ತಾನೇ ಆಗ್ತಿದ್ದದ್ದು?”

ಅಷ್ಟೇ ಆಗುತ್ತಿದ್ದದ್ದು.

ಅವಳು ಮತ್ತೆ ತನ್ನ ಮೈಕಿನ ಮುಂದೆ ಕೂತಳು. ಅವನು ಮತ್ತೆ ಹಾರಲಿಲ್ಲ. ಶ್ರೀಮಂತನಿಗೆ ಬೇರೆ ಪೈಲಟ್ಟು ಸಿಕ್ಕ, ಚುರುಕು ಕಣ್ಣಿನ ಹುಡುಗನಂತೆ. ಅವನನ್ನೂ ಆ ದನಿ ಕೇಳುತ್ತದೆ, ಕಂಡಿತೇ? ಅವನೂ ಕಂಡಿತು ಅನ್ನುತ್ತಾನೆ. ಅವಳು ನಂಬುತ್ತಾಳೆ. ಇನ್ನೇನು ಮಾಡಿಯಾಳು?

ಕಥೆ ಮುಗಿಯಿತು, ಏಳಬೇಡಿ. ಚಪ್ಪಲಿ ಎಲ್ಲಿಗೂ ಹೋಗುವುದಿಲ್ಲ. ಈಗ ನಿಮ್ಮ ಸರದಿ.

ನಿಮ್ಮಲ್ಲಿ ವಿಮಾನ ಹಾರಿಸುವವರು ಯಾರೂ ಇಲ್ಲ. ಕಂಡಿತು ಅನ್ನುವವರು ಎಷ್ಟು ಜನ? ಅತ್ತೆಯ ಕಾಲು ಊದಿದೆ, ನೋಡಿದ್ರಾ ಎಂದು ಹೆಂಡತಿ ಕೇಳುತ್ತಾಳೆ. ನೋಡ್ದೆ ಅನ್ನುತ್ತೀರಿ, ಮೊಬೈಲಿನಿಂದ ಕಣ್ಣೆತ್ತದೆ. ನೋಡಿದ್ದಾರಲ್ಲ ಎಂದು ಅವಳು ಆ ಕಡೆಯ ಗಮನ ಬಿಡುತ್ತಾಳೆ. ಈಗ ಆ ಕಾಲನ್ನು ನೋಡುವವರು ಯಾರು? ಯಾರೂ ಇಲ್ಲ! ಕಂಬ ಹತ್ತಿದವನು ಮೇಲಿನಿಂದ ಕೂಗುತ್ತಾನೆ, ಲೈನ್ ಆಫ್ ಆಗಿದೆಯಾ ನೋಡಿದ್ಯಾ? ಕೆಳಗಿನವನು ಬೀಡಿ ಹಚ್ಚುತ್ತಾ ನೋಡ್ದೆ ಹತ್ತು ಅನ್ನುತ್ತಾನೆ. ನೋಡಿಲ್ಲದವನು ನೋಡಿದೆ ಎಂದರೆ ಅದು ಬರೀ ಒಂದು ಸುಳ್ಳಲ್ಲ. ಕಾಯುತ್ತಿದ್ದ ಒಂದು ಜೊತೆ ಕಣ್ಣನ್ನು ಅವನು ಎಬ್ಬಿಸಿ ಕಳಿಸಿದ ಹಾಗೆ.

ದೇವರನ್ನೂ ಬಿಟ್ಟಿಲ್ಲ ನೀವು. ಹಬ್ಬದ ದಿನ ಗುಡಿಯಲ್ಲಿ ನೂಕುನುಗ್ಗಲು. ನಿಮಗೆ ಕಂಡದ್ದು ಮುಂದಿನವನ ಬೋಳುತಲೆ. ಹೊರಗೆ ಬರುತ್ತೀರಿ, ಯಾರೋ ಕೇಳುತ್ತಾರೆ, ದರ್ಶನ ಆಯ್ತಾ? ಆಯ್ತು, ಚೆನ್ನಾಗಾಯ್ತು! ಆಯ್ತೇ? ಕಾಣಲಿಲ್ಲ ಎಂದರೆ ಏನು ಹೋಗುತ್ತಿತ್ತು? ಇನ್ನೊಂದು ಸುತ್ತು ಬರುತ್ತಿದ್ದಿರಿ. ಕಂಡೆ ಎಂದವನು ಹುಡುಕುವುದನ್ನು ಬಿಡುತ್ತಾನೆ. ಕಾಣಲಿಲ್ಲ ಎಂದವನ ಕಣ್ಣು ಇನ್ನೂ ತೆರೆದಿರುತ್ತದೆ.

ದೊಡ್ಡ ವ್ರತ ಬೇಡ, ಉಪವಾಸ ಬೇಡ. ನಾಳೆ ಬೆಳಗ್ಗೆ ಎದ್ದ ಮೇಲೆ ಮೊದಲ ಸಲ ಯಾರಾದರೂ ನೋಡಿದ್ಯಾ ಎಂದು ಕೇಳುತ್ತಾರಲ್ಲ, ಆಗ ಬಾಯಿ ತೆರೆಯಬೇಡಿ. ತಿರುಗಿ ನೋಡಿ. ಕಂಡರೆ ಕಂಡಿತು ಅನ್ನಿ. ಕಾಣದಿದ್ದರೆ ಇಲ್ಲ ಅನ್ನಿ. ಬೈಸಿಕೊಳ್ಳಿ, ತಡವಾಗಲಿ, ಕುರುಡ ಅನ್ನಿಸಿಕೊಳ್ಳಿ. ಎರಡು ಸುತ್ತು ಕೆರೆ, ಅಷ್ಟೇ. ಎರಡು ಸುತ್ತು ಉಳಿಸಿಕೊಳ್ಳಲು ಎಷ್ಟು ಜನರ ನೆತ್ತಿಯ ಮೇಲೆ ಹಾದುಹೋಗುತ್ತೀರಿ ನೀವು?

ಇಗೋ, ಬಂತು ಇನ್ನೊಂದು. ತಡೆಯಿರಿ.

ಹೋಯಿತು. ಆಗ ಕೇಳಿದ್ದನ್ನೇ ಈಗ ಕೇಳುತ್ತೇನೆ. ಕಂಡಿತೇ? ತಲೆಯಾಡಿಸುವ ಮೊದಲು ಒಮ್ಮೆ ಮೇಲೆ ನೋಡಿ. ತಗಡಿನ ಶೀಟು ಹೊದಿಸಿದ ಛಾವಣಿಯ ಕೆಳಗೆ ಕೂತಿದ್ದೀರಿ. ಆಗಲೂ ಇದೇ ಶೀಟಿತ್ತು. ಆಗ ಎಲ್ಲರೂ ನೋಡಿದ್ದಿರಿ!

ಏನಮ್ಮಾ? ಮುಂದಿನ ಸಾಲಿನ ಅಜ್ಜಿ, ಏನೋ ಅಂದಿರಲ್ಲ. ಮೆಲ್ಲಗೆ ಬೇಡ, ಎಲ್ಲರಿಗೂ ಕೇಳಿಸಲಿ.

ಕೇಳಿದಿರಾ? ‘ಕಾಣಲಿಲ್ಲ ಕಣಪ್ಪಾ’ ಅಂದರು.

ಅಷ್ಟೇ ಬೇಕಾಗಿದ್ದದ್ದು. ಉಳಿದವರೂ ಅಂದು, ಆಮೇಲೆ ಏಳಿ.